ಶ್ರಾವಣಕ್ಕೆ ಇಟ್ಟ ಕಂಪ್ಯೂಟರು

ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಬರೀ ಗಂಡುಮಕ್ಕಳು. ಈಗ ಮೊಮ್ಮಗಳು ಹುಟ್ಟಿದ್ದಾಳೆ! ಸುದ್ದಿ ಬಂದ ದಿನ ಕಣಕಟ್ಟೆಯ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿಸಿದೆ. ಕಾಲಿಗೆ ಪ್ಲಾಸ್ಟರ್ ಇಲ್ಲದಿದ್ದರೆ ನಾನೇ ಹಂಚುತ್ತಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದವಳು ನಾನು. ಹಗರೆಯಲ್ಲಿರುವ ಸೊಸೆಯ ತವರಿಗೆ ಹೋಗಿ ಕೂಸು ನೋಡುವುದು ಎಲ್ಲಿಂದ ಬಂತು?

ನಮ್ಮ ಮನೆತನದಲ್ಲಿ ಕೂಸಿನ ಮುಖ ನೋಡಿ, ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಅಪ್ಪನ ತಾಯಿ. ನನ್ನ ಮಗನಿಗೆ ನಮ್ಮ ಅತ್ತೆ ಹೇಳಿದ್ದರು. ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಮಗ ಹಗರೆಯಿಂದ ವಿಡಿಯೋದಲ್ಲಿ ಕೂಸನ್ನು ತೋರಿಸುವುದು, ನಾನು ನೋಡಿ ಹೆಸರು ಹೇಳುವುದು ಅಂತ ಮಾತಾಗಿತ್ತು. ಕೊಬ್ಬರಿ ವ್ಯಾಪಾರಕ್ಕೆಂದು ಹೊಸದಾಗಿ ತಂದ ಕಂಪ್ಯೂಟರಿನ ಮುಂದೆ ರೇಷ್ಮೆ ಸೀರೆ ಉಟ್ಟು ಕೂತೆ. ನಮ್ಮ ಯಜಮಾನರು ಆ್ಯಪ್ ಒತ್ತಿದರು. ತೆರೆದಂತೆ ಮಾಡಿ ಮುಚ್ಚಿಕೊಂಡಿತು. ಆಫ್ ಮಾಡಿ ಆನ್ ಮಾಡಿದರು. ಮತ್ತೆ ಹಾಗೇ.

ವಿಡಿಯೋ ಬಾರದ ನಮ್ಮ ಗುಂಡಿ ಫೋನಿನಿಂದ ಮಗನಿಗೆ ಫೋನ್ ಹಚ್ಚಿದೆವು.

“ಅಪ್ಪಾಜಿ, ಕೆಳಗಡೆ ಮೂಲೇಲಿ ತಾರೀಖು ಏನೈತೆ ನೋಡಿ.”

ಇವರು ಕೆಮ್ಮಿದರು. “ಶ್ರಾವಣದ್ದು ಐತೆ ಕಣೋ.”

“ಈಗ ಆಷಾಢ ಅಲ್ವಾ!”

“ಆಷಾಢದಾಗೆ ಹೊಸ ಸಾಮಾನು ಶುರು ಮಾಡ್ತಾರೇನ್ಲಾ? ಕೂರ್ಸೋಕೆ ಬಂದೋನ ಕೈಲಿ ಶ್ರಾವಣಕ್ಕೆ ಇಡ್ಸಿ ಪೂಜೆ ಮಾಡ್ದೆ. ಆಷಾಢ ಕಳುದ್ರೆ ತಾನೇ ಸರಿಹೋಯ್ತದೆ ಅಂತ.”

“ಅದೂ ಮುಂದಕ್ಕೆ ಓಡ್ತಾ ಇರ್ತದಲ್ಲ ಅಪ್ಪಾಜಿ! ತಾರೀಖು ತಪ್ಪಿದ್ರೆ ಆ್ಯಪ್ ತೆರ್ಕೊಳಲ್ಲ. ಹಿಂದಕ್ಕೆ ಇಡಿ.”

“ಪೂಜೆ ಆದ್ಮೇಲೆ ಆಷಾಢಕ್ಕೆ ವಾಪಸ್ ಹೋಗೋದಾ? ಬಂದ ಲಕ್ಷ್ಮಿ ಎದ್ದೋಗ್ಲಿ ಅಂತಾನಾ?”

“ಲಕ್ಷ್ಮಿ ಹಗರೇಲಿ ತೊಟ್ಲಲ್ಲಿ ಮಲಗವ್ಳೆ ಕಣ್ರೀ!” ಅಂದೆ. ಅಳುವೇ ಬಂದುಬಿಟ್ಟಿತ್ತು.

ಅದಕ್ಕೆ ಇವರು ಮಣಿದರು. ಮಗ ಹೇಳಿಕೊಟ್ಟಂತೆ ತಾರೀಖು ಹಿಂದಕ್ಕೆ ತಂದರು. ಆ್ಯಪ್ ಈ ಸಲ ಮುಚ್ಚಿಕೊಳ್ಳಲಿಲ್ಲ, ತೆರೆಯಲೂ ಇಲ್ಲ. ಅಪ್‌ಡೇಟ್ ಆಗಬೇಕು ಎಂದು ಒಂದು ನೀಲಿ ಗೆರೆ ತೋರಿಸಿತು. ನಮ್ಮೂರಿನ ನೆಟ್ಟು, ಗೆರೆ ಅರ್ಧಕ್ಕೆ ಬಂದು ನಿಂತೇಬಿಟ್ಟಿತು. ಅದನ್ನೇ ನೋಡುತ್ತಾ ಕೂತೆ. ಅಲುಗಲಿಲ್ಲ. ಅತ್ತ ಫೋನಿನಲ್ಲಿ ಶಾಸ್ತ್ರ ಮಾಡಿಸುವ ಐನೋರು, “ಹೊತ್ತು ಮೀರ್ತಾ ಐತೆ” ಅನ್ನುತ್ತಿದ್ದರು.

“ಅವ್ವಾ, ಫೋನೇ ಕಿವೀಗಿಡ್ತೀನಿ, ಹಂಗೇ ಹೇಳ್ಬಿಡು,” ಅಂದ ಮಗ.

ಮುಖ ನೋಡದೆ ಹೆಸರು ಹೇಳಬಾರದು. ನನ್ನ ಆಸೆಗೆ ಕೂಸಿನ ಶಾಸ್ತ್ರ ಕೆಡಿಸಲೇ? “ಬೀಗಿತ್ತಿ ಕೈಲೇ ಹೇಳ್ಸಪ್ಪ,” ಅಂದೆ.

ಸೊಸೆಯ ತಾಯಿ ಹೇಳಿದರು. ಕೂಸು ಕಿಟಾರನೆ ಕಿರುಚಿತು.

“ಗಂಟ್ಲು ಮಾತ್ರ ನಿಂದೇ ಕಣೇ,” ಅಂದರು ಇವರು.

ಎದೆ ಉಕ್ಕಿ ಬಂತು. ಇವಳ ಕಿವಿಯಲ್ಲಿ ಮೊದಲ ಹೆಸರು ಇನ್ನು ನನ್ನದಾಗುವುದಿಲ್ಲ; ಹೋದದ್ದು ಹೋಯಿತು. ಅತ್ತ ಯಾರೋ ಜೋ ಜೋ ಎಂದು ತೂಗತೊಡಗಿದರು.

“ಈಗ್ಲೇ ಸಮಾಧಾನ ಮಾಡ್ಬೇಡ್ರೋ,” ಅಂದೆ. “ಇನ್ನೊಂದೀಟು ಅಳ್ಲಿ.”