ಅಕ್ಕನ ಕಳ್ಳಿಗೆ ಹೂ ಬರಿಸಲು ಹೋಗಿ

ನನಗೆ ಗಿಡಗಳ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಇಳಕಲ್ಲಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಹುನಗುಂದದಲ್ಲಿ ಆಫೀಸು, ಬೆಳಿಗ್ಗೆ ನಿಂತು ಹೋಗಿ ಸಂಜೆ ನಿಂತೇ ಬರುವ ಬಸ್ಸು. ಇಷ್ಟರ ನಡುವೆ ಒಂದು ಮುಳ್ಳಿನ ಗಿಡ ಸಾಕಿ, ಅದು ಹೂವನ್ನೂ ಬಿಡಲಿ ಎಂದು ಕಾಯುವುದು ಇಲ್ಲದ ಉಸಾಬರಿ. ಆದರೂ ಎರಡು ವರ್ಷ ಅದನ್ನೇ ಮಾಡಿದೆ. ಯಾಕೆಂದರೆ ಆ ಗಿಡ ನನ್ನ ಅಕ್ಕನದು.

ಅಕ್ಕ ಬಾದಾಮಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದು, ಜಂಪರ್ ಹೊಲಿದು ಬದುಕಿದವಳು. ಅವಳ ಕಿಟಕಿಯಲ್ಲಿ ಒಂದು ಮಣ್ಣಿನ ಕುಂಡ, ಅದರಲ್ಲಿ ಚೆಂಡಿನಷ್ಟು ದುಂಡಗಿನ ಕಳ್ಳಿ. ಚಳಿ ಮುಗಿದು ಬಿಸಿಲು ಚುರುಕಾಗುವ ಹೊತ್ತಿಗೆ ಅದು ಹೂ ಬಿಡುತ್ತಿತ್ತು. ಆಗ ತಪ್ಪದೆ ಫೋನ್ ಬರುತ್ತಿತ್ತು.

"ಹೂ ಆಗೇತಿ, ನೋಡಾಕ ಬಾ. ಎರಡ ದಿನ ಇರತೈತಿ ಅಷ್ಟ."

"ರಜಾ ಇಲ್ಲಕ್ಕಾ. ಮುಂದಿನ ವರ್ಷ ಬರ್ತೇನಿ."

ಅವಳದು ಗುಂಡಿ ಒತ್ತುವ ಫೋನು, ಫೋಟೊ ಕಳಿಸುವ ಮಾತೇ ಇರಲಿಲ್ಲ. ಹೀಗೇ ಆರೇಳು ವರ್ಷ ಕಳೆದವು. ಆಮೇಲೆ ಅಕ್ಕ ಹಾಸಿಗೆ ಹಿಡಿದಳು, ಬಾಗಲಕೋಟೆಯ ದವಾಖಾನೆಯಲ್ಲಿ ತೀರಿಕೊಂಡಳು. ಕೋಣೆ ಖಾಲಿ ಮಾಡುವ ದಿನ ಅವಳ ಹೊಲಿಗೆ ಮಷೀನನ್ನು ಪಕ್ಕದ ಮನೆಯಾಕೆಗೆ ಕೊಟ್ಟು, ಕಳ್ಳಿಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸು ಹತ್ತಿದೆ. ಆ ಹೂವನ್ನು ಒಂದು ಸಲ, ಒಂದೇ ಒಂದು ಸಲ ನೋಡಬೇಕಿತ್ತು ನನಗೆ.

ಮೊದಲ ವರ್ಷ ಅದು ಹೂ ಬಿಡಲಿಲ್ಲ. ಹಸಿರಾಗಿ, ಉಬ್ಬಿಕೊಂಡು, ಹೊಟ್ಟೆ ತುಂಬಿದ ಸಾಹುಕಾರನ ಹಾಗೆ ಸುಮ್ಮನೆ ಕುಳಿತಿತ್ತು. ಯಾವುದೋ ಕೆಲಸಕ್ಕೆ ಬಾಗಲಕೋಟೆಗೆ ಹೋದಾಗ ನವನಗರದ ಒಂದು ನರ್ಸರಿಯಲ್ಲಿ ಕೇಳಿದೆ. ಅಲ್ಲಿದ್ದ ಗಡ್ಡದ ಚಾಚಾ ನಕ್ಕರು.

"ಭಾಳ ಜೋಪಾನ ಮಾಡಾಕತ್ತೀರಿ ಅಕ್ಕಾರ. ದೀಪಾವಳಿ ಆತಂದ್ರ ನೀರ ಬಂದ್ ಮಾಡ್ರಿ. ಶಿವರಾತ್ರಿ ತನಕ ಒಂದ ಹನಿ ಬ್ಯಾಡ. ಮುಂಜಾನಿ ಬಿಸಿಲಿಗೆ ಇಟ್ಟು ಮರತಬಿಡ್ರಿ. ಅದಕ್ಕ ಸ್ವಲ್ಪ ಜೀವದ ಹೆದರಿಕಿ ಹುಟ್ಟಬೇಕು, ಆವಾಗ ಹೂ ಬಿಡತೈತಿ."

ಮರೆಯುವುದು ಸುಲಭದ ಕೆಲಸ ಎನಿಸಿತು. ಮಣ್ಣಿಗೆ ಮರಳು ಬೆರೆಸಿ ಕುಂಡವನ್ನು ಗ್ಯಾಲರಿಯ ಕಟ್ಟೆಗಿಟ್ಟೆ. ದೀಪಾವಳಿ ಆದ ಮೇಲೆ ನೀರು ಮುಟ್ಟಿಸಲಿಲ್ಲ. ಒಂದು ತಿಂಗಳಾದ ಮೇಲೆ ನೋಡಿದರೆ ಮಣ್ಣು ಒದ್ದೆ! ಬೆರಳು ತೂರಿಸಿದೆ, ಒಳಗೂ ಒದ್ದೆ. ಮೇಲೆ ಒಂದು ಬಿಲ್ವಪತ್ರೆ ಅಂಟಿಕೊಂಡಿತ್ತು. ನನಗೆ ತಲೆ ಕೆಟ್ಟಿತು.

ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ, ಇಬ್ಬರೇ. ಗಂಡನಿಗೆ ರಾಯಚೂರು ಕಡೆ ಕೆಲಸ, ಹದಿನೈದು ದಿನಕ್ಕೊಮ್ಮೆ ಬಂದು ಉಂಡು ಮಲಗಿ ಹೋಗುತ್ತಾರೆ. ಅತ್ತೆಗೆ ಎಂಬತ್ತರ ಹತ್ತಿರ, ಮೊಣಕಾಲು ಕೈಕೊಟ್ಟು ಮೆಟ್ಟಿಲು ಇಳಿಯುವುದೇ ನಿಂತುಹೋಗಿದೆ. ಆದರೆ ದಿನಾ ಬೆಳಿಗ್ಗೆ ಲಿಂಗಪೂಜೆ ನಿಲ್ಲುವುದಿಲ್ಲ. ಪೂಜೆಯ ನೀರನ್ನು ಬಚ್ಚಲಿಗೆ ಸುರಿಯುವಂತಿಲ್ಲ, ತುಳಿದಾಡುವ ಕಡೆ ಚೆಲ್ಲುವಂತಿಲ್ಲ, ಯಾವುದಾದರೂ ಗಿಡದ ಬುಡಕ್ಕೇ ಹಾಕಬೇಕು. ಇಡೀ ಮನೆಗೆ ಇದ್ದದ್ದು ಒಂದೇ ಗಿಡ.

"ಅತ್ಯಾರ, ಈ ಕಳ್ಳಿಗೆ ನೀರ ಹಾಕಾಕತ್ತೀರೇನು?"

"ಹೌದು. ಮತ್ತೆಲ್ಲಿ ಹಾಕಲಿ? ಮುಳ್ಳಿನ ಗಿಡಾ ಮನ್ಯಾಗ ಬ್ಯಾಡ ಅಂದೆ, ನೀ ಕೇಳಲಿಲ್ಲ. ಇರೂದು ಇದ್ದs ಐತಿ, ದೇವರ ನೀರಾರ ಕುಡೀಲಿ ಅಂತ ಹಾಕೇನಿ."

ಅಂದರೆ ವರ್ಷವಿಡೀ ನಾನು ಹಾಕಿದ ನೀರಿನ ಜೊತೆಗೆ ದೇವರ ನೀರೂ ಬೀಳುತ್ತಿತ್ತು. ಆ ಗಿಡ ಕೊಳೆಯದೆ ಉಳಿದದ್ದೇ ಹೆಚ್ಚು. ಜಗಳ ಆಡಿದೆ, ಸುಳ್ಳೇಕೆ ಹೇಳಲಿ, ದನಿ ಏರಿಸಿಯೇ ಆಡಿದೆ. ಅತ್ತೆ ಸೋಲುವವರಲ್ಲ. ಕೊನೆಗೆ ಸೋತವಳು ನಾನೇ. ದಿನಾ ಏಳಕ್ಕೆ ಅವರ ಪೂಜೆ ಮುಗಿಯುವುದನ್ನು ಕಾದು, ಆ ತಂಬಿಗೆ ಹಿಡಿದು ಎರಡು ಮಹಡಿ ಇಳಿದು, ಬೀದಿ ತುದಿಯ ಬೇವಿನ ಮರಕ್ಕೆ ಸುರಿದು, ಮತ್ತೆ ಹತ್ತಿ ಬಂದು ಡಬ್ಬಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಬೇಕು. ಮೂರು ತಿಂಗಳು ಓಡಿದೆ. ಎಷ್ಟೋ ದಿನ ಮೆಟ್ಟಿಲ ಮೇಲೇ ಕುಳಿತುಬಿಡೋಣ ಅನಿಸುತ್ತಿತ್ತು. ಗಿಡವನ್ನು ಮರೆಯಿರಿ ಎಂದ ಚಾಚಾನ ಮೇಲೆ ಸಿಟ್ಟು ಬರುತ್ತಿತ್ತು. ಮರೆಯುವುದಕ್ಕೂ ಇಷ್ಟು ಮೈ ದಣಿಸಬೇಕು ಎಂದು ಅವರು ಹೇಳಿರಲಿಲ್ಲ.

ಗಿಡ ಸೊರಗಿತು. ಮೈ ಕುಗ್ಗಿ, ಹಸಿರು ಮಾಸಿತು. ಸಾಯಿಸಿಬಿಟ್ಟೆನೇನೋ ಎಂದು ಹೆದರಿದೆ. ಶಿವರಾತ್ರಿ ಆದ ಮೇಲೆ ಒಂದು ಲೋಟ ನೀರು ಹಾಕಿದೆ. ಹತ್ತು ದಿನಕ್ಕೆ ನೆತ್ತಿಯ ಪಕ್ಕ ಒಂದು ಉಣ್ಣೆಯಂಥ ಗಂಟು ಕಾಣಿಸಿತು. ಅದು ದಿನೇ ದಿನೇ ಉದ್ದವಾಗಿ, ತುದಿಗೆ ಗುಲಾಬಿ ಬಣ್ಣ ಇಣುಕಿತು. ಮೊಗ್ಗು ಬಂದ ಮೇಲೆ ಕುಂಡ ತಿರುಗಿಸಬೇಡಿ ಎಂದು ಚಾಚಾ ಹೇಳಿದ್ದು ನೆನಪಿತ್ತು. ಕಸ ಗುಡಿಸುವಾಗಲೂ ಅದರ ಸುತ್ತ ಪೊರಕೆ ಆಡಿಸಲಿಲ್ಲ.

ಬಿಸಿಲು ಏರಿದ ಮೇಲೆ ಅರಳಿ ಸಂಜೆಗೆ ಮುಚ್ಚಿಕೊಳ್ಳುವ ಜಾತಿ ಅದು. ಆ ಹೊತ್ತಿಗೆ ನಾನು ಹುನಗುಂದದಲ್ಲಿ. ರಜೆ ಕೇಳಿದೆ. ಮಾರ್ಚ್ ತಿಂಗಳಲ್ಲಿ ಹೂ ನೋಡಲು ರಜೆ ಯಾರು ಕೊಡುತ್ತಾರೆ? ಹೊಟ್ಟೆನೋವು ಅಂದೆ, ಅದಕ್ಕೂ ಕೊಡಲಿಲ್ಲ. ಭಾನುವಾರದ ತನಕ ತಡೆದುಕೋ ಮಾರಾಯಾ ಎಂದು ಮೊಗ್ಗಿಗೆ ಹೇಳಿ ಶುಕ್ರವಾರ ಬಸ್ಸು ಹತ್ತಿದೆ.

ಸಂಜೆ ಚಪ್ಪಲಿ ಬಿಡುವ ಮೊದಲೇ ಗ್ಯಾಲರಿಗೆ ಹೋದೆ. ಮೊಗ್ಗು ಇರಲಿಲ್ಲ. ಅದು ಇದ್ದ ಜಾಗದಲ್ಲಿ ಒಂದು ಹಸಿ ಗಾಯ ಇತ್ತು.

"ಅತ್ಯಾರ!"

ಅತ್ತೆ ದೇವರ ಜಗಲಿಯ ಮುಂದೆ ಗೋಡೆಗೆ ಒರಗಿ ಕುಳಿತಿದ್ದರು. ಜಗಲಿಯ ಮೇಲೆ, ಬೆಳಗಿನ ಕಣಗಿಲೆ ಹೂಗಳ ನಡುವೆ, ಬಾಡಿ ಮುದುಡಿದ ಒಂದು ಗುಲಾಬಿ ಬಣ್ಣದ ಎಳೆ ಬಿದ್ದಿತ್ತು.

"ಹನ್ನೊಂದು ಗಂಟೆಕ್ಕ ಅರಳಿತು ನೋಡs ಯವ್ವಾ, ಇಷ್ಟಗಲ. ಮನಿ ಗಿಡದ ಮೊದಲ್ನೇ ಹೂವು, ದೇವರಿಗೆ ಏರಸಲಾರದ ಹೆಂಗ ಬಿಡಲಿ? ನಿಮ್ಮ ಅಕ್ಕನ ಹೆಸರ್ಲೇನ ಏರಿಸೇನಿ. ಆಕಿಗೆ ಮುಟ್ಟಲಿ."

ಕೂಗಬೇಕೆಂದು ಬಾಯಿ ತೆರೆದೆ. ಅತ್ತೆ ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದರು. ಹೆಬ್ಬೆರಳು, ತೋರುಬೆರಳು ಕೆಂಪಗೆ ಊದಿದ್ದವು. ತುಂಬ ಸಣ್ಣ ಮುಳ್ಳುಗಳು, ಕಣ್ಣಿಗೆ ಕಾಣದಷ್ಟು ಸಣ್ಣವು. ಮಧ್ಯಾಹ್ನ ಆ ಕೈಯಲ್ಲಿ ಅವರು ರೊಟ್ಟಿ ಮುರಿದೂ ತಿಂದಿರಲಿಲ್ಲ.

ಚಿಮಟ ತಂದು, ದೀಪ ಹಾಕಿ, ಎದುರಿಗೆ ಕುಳಿತು ಒಂದೊಂದೇ ಮುಳ್ಳು ಕೀಳತೊಡಗಿದೆ. ನಾಲ್ಕನೆಯದೋ ಐದನೆಯದೋ ಕೀಳುವಾಗ ನನಗೆ ಅಳು ಬಂತು. ಅಕ್ಕ ಸತ್ತಾಗ ಓಡಾಟದಲ್ಲಿ ಬಾರದೆ ಉಳಿದ ಅಳು.

"ಅಕ್ಕ ವರ್ಷಾ ವರ್ಷಾ ಕರೀತಿದ್ಲರಿ. ರಜಾ ಇಲ್ಲ ಅಂತಿದ್ದೆ. ಸುಳ್ಳರಿ ಅದು. ಐತವಾರ ಐತವಾರ ಇತ್ತು ರಜಾ. ದಣಿವಾಗತಿತ್ತು, ಮನಿಯೊಳಗ ಮಲಗತಿದ್ದೆ."

ಅತ್ತೆ ಕೈ ಕದಲಿಸಲಿಲ್ಲ.

"ಗೊತ್ತೈತಿ," ಅಂದರು. "ನಿನ್ನ ನಿದ್ದಿ ಕೆಡಬಾರದಂತ ಕೋಣಿ ಬಾಗಲಾ ಎಳದು ಮುಚ್ಚತಿದ್ದಾಕಿ ನಾನs ಅಲ್ಲೇನು."