ಕತಾರಿನಲ್ಲಿ ಕಟ್ಟಿದ ಗಂಟು

“ಕತಾರಿಗೆ ಬಂದವ ಗಂಟು ಮಾಡಬೇಕು, ಗಂಟು ಓದುದಲ್ಲ. ಡಾಕ್ಟರೇಟು ಗೀಕ್ಟರೇಟು ನಮ್ಮ ಕುಟುಂಬಕ್ಕೆ ಆಗಹೋಗುವ ಮಾತಾ?”

ಹೀಗೆಂದವರು ನನ್ನನ್ನು ದೋಹಾಕ್ಕೆ ಕರೆಸಿಕೊಂಡ ಸೋದರಮಾವ. ಬಂದ ದಿನ ವಿಮಾನ ನಿಲ್ದಾಣದ ಬಾಗಿಲು ದಾಟಿದೊಡನೆ ಕನ್ನಡಕ ಪೂರ್ತಿ ಮಂಜಾಗಿ ಕುರುಡನಂತೆ ನಿಂತಿದ್ದೆ. ಊರಿನಲ್ಲಿ ಗಂಜಿಯ ಬಟ್ಟಲಿಗೆ ಬಗ್ಗಿದರೆ ಹಾಗಾಗುತ್ತಿತ್ತು. ಇಲ್ಲಿ ಬೀದಿಯೇ ಗಂಜಿಯ ಬಟ್ಟಲು.

ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ ಹಲಗೆ ಅಡ್ಡ ಹೊಡೆದ ಅರ್ಧ ಕೋಣೆ ನಮ್ಮಿಬ್ಬರದು. ಊರಲ್ಲಿ ಗೋಡೆಯಾಚೆ ತುಳು ಕೇಳಿಸಿದರೆ ಇಲ್ಲಿ ಮಲಯಾಳ. ವಾರವಿಡೀ ಆಫೀಸಿನಲ್ಲಿ ‘ಯಲ್ಲಾ ಯಲ್ಲಾ’, ಅಂದರೆ ಬೇಗ ಬೇಗ. ಶುಕ್ರವಾರದ ರಜೆ ಮಾತ್ರ ಊರಿನ ವಿಶ್ವವಿದ್ಯಾಲಯದ ಪಿಎಚ್.ಡಿ.ಗೆ. ನಮ್ಮಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅರ್ಧಕ್ಕೆ ಇಳಿಯುವ ಮಾತೇ ಇರಲಿಲ್ಲ.

ಗಣಿತದಲ್ಲಿ ಗಂಟೆಂದರೆ ಎರಡೂ ತುದಿ ಬೆಸೆದ ಹಗ್ಗ. ಎಷ್ಟು ಎಳೆದರೂ ತಿರುಚಿದರೂ ಅದರಿಂದ ಲೆಕ್ಕಹಾಕಿ ತೆಗೆಯುವ ಬಹುಪದೋಕ್ತಿ ಬದಲಾಗದು. ನನ್ನದು ತಿರುಗಾಮುರುಗಾ ಕೆಲಸ: ಬಹುಪದೋಕ್ತಿ ಮೊದಲೇ ಗೊತ್ತು, ಅದಕ್ಕೆ ಒಪ್ಪುವ ಹಲವು ಗಂಟುಗಳಲ್ಲಿ ಒಂದನ್ನು ಕಟ್ಟಬೇಕು. ಅದೂ ಹೈಪರ್ಬಾಲಿಕ್ ಗಂಟು, ಸುತ್ತಲಿನ ಜಾಗವೆಲ್ಲ ಕುದುರೆಯ ಜೀನಿನಂತೆ ಬಾಗಿರುವಂಥದ್ದು.

ನೈಲಾನ್ ಹಗ್ಗದಲ್ಲಿ ಅಂಥದೊಂದನ್ನು ಕಟ್ಟಿ, ಅದು ಹೈಪರ್ಬಾಲಿಕ್ ಎಂದು ಸಾಧಿಸಲಾಗದೆ ಹೆಣಗುತ್ತಿದ್ದೆ. ಒಂದು ಶುಕ್ರವಾರ ನೋಡಿದರೆ ಆ ಹಗ್ಗ ಮಾವ ಊರಿಗೆ ಒಯ್ಯುವ ಕಾರ್ಟನ್ನಿನ ಸುತ್ತ ಬಿಗಿದಿತ್ತು.

“ಮಾವ, ಅದು ನನ್ನ ಗಂಟು!”

“ಎಂಥ ಗಂಟು ಮಾರಾಯ, ತುದಿಯೇ ಇಲ್ಲ! ಕತ್ತರಿಸಿದೆ. ಖಲಾಸ್.”

ಖಲಾಸ್ ಅಂದರೆ ಮುಗಿಯಿತು. ಮುಗಿದಿರಲಿಲ್ಲ. ಹಳೆಯದರ ಚಿತ್ರ ಹಾಳೆಯಲ್ಲಿತ್ತು ನಿಜ, ಅದನ್ನೇ ಮತ್ತೆ ಕಟ್ಟಲು ಮನಸ್ಸಾಗಲಿಲ್ಲ. ಬಹುಪದೋಕ್ತಿಯಿಂದಲೇ ಹೊಸದಾಗಿ ಹೊರಟೆ. ಬಂದದ್ದು ಬೇರೆಯೇ ಗಂಟು, ಬಹುಪದೋಕ್ತಿ ಮಾತ್ರ ಅದೇ. ಈ ಸಲ ಸಾಧನೆ ಕೂಡಿ ಬಂತು. ನಮ್ಮ ಅರ್ಧ ಕೋಣೆಯ ಹಲಗೆಗೆ ಒರಗಿ ಕೂತು ಸಾಧಿಸಿದವನು ನಾನು, ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಮೌಖಿಕ ಪರೀಕ್ಷೆಗೆ ಊರಿಗೆ ಹೋಗಿಬಂದೆ. ಘಟಿಕೋತ್ಸವಕ್ಕೆ ರಜೆ ಸಿಗಲಿಲ್ಲ. ಆಗ ಊರಲ್ಲಿದ್ದ ಮಾವನೇ ನನ್ನ ಪರವಾಗಿ ಪ್ರಮಾಣಪತ್ರ ಪಡೆದು, ಎರಡು ಲುಂಗಿಗಳ ನಡುವೆ ಮಡಿಕೆ ಬೀಳದಂತೆ ಇಟ್ಟು ತಂದು, ಎರಡೂ ಕೈಯಿಂದ ಕೊಟ್ಟರು.

“ಎಲ್ಲರೂ ಇಲ್ಲಿಂದ ಊರಿಗೆ ಗಂಟು ಕೊಂಡುಹೋಗ್ತಾರೆ. ಊರಿಂದ ಇಲ್ಲಿಗೆ ತಂದದ್ದು ನಾನೊಬ್ಬನೇ, ಅಳಿಯ!” ಎಂದು ನಕ್ಕರು. ಆಮೇಲೆ ಹಲಗೆಯನ್ನೊಮ್ಮೆ ಬೆರಳಲ್ಲಿ ಬಡಿದು ನೋಡಿದರು. “ಇದನ್ನು ಎಲ್ಲಿ ತೂಗುಹಾಕುದು? ಇಲ್ಲಿ ಮೊಳೆ ನಿಲ್ಲುದಿಲ್ಲ. ಊರ ಗೋಡೆಯಲ್ಲಿ ಹಾಕಿದ್ರೆ ನೋಡ್ಲಿಕ್ಕೆ ನೀನಿರುದಿಲ್ಲ.”