ಲಿಮಿಟೆಡ್ ಕಂಪನಿಯ ಒಡಪು

ದಸರಾ ಬಂತೆಂದರೆ ಶಹಾಪುರದ ಹೆಂಗಸರೆಲ್ಲ ಮನೆಗೆ ಸುಣ್ಣ ಬಳಿಯಲು ನಿಲ್ಲುತ್ತಾರೆ, ನಾನು ಕಂಪನಿಗಳ ವಾರ್ಷಿಕ ವರದಿಗೆ ಕೂರುತ್ತೇನೆ. ಈ ಕೆಲಸ ಹಿಡಿದ ಮೇಲೆ ಒಂದು ದೀಪಾವಳಿಗೂ ನಾನು ನೆಮ್ಮದಿಯಾಗಿ ಎಣ್ಣೆ ಹಚ್ಚಿಕೊಂಡು ಎರೆದುಕೊಂಡವಳಲ್ಲ. ಬಸ್ ಸ್ಟ್ಯಾಂಡಿನ ಹಿಂದೆ, ಬೀಜ-ಕ್ರಿಮಿನಾಶಕದ ಅಂಗಡಿಯ ಮೇಲಿನ ಕೋಣೆ ನನ್ನ ಆಫೀಸು. ಕೆಳಗಿನ ಔಷಧದ ವಾಸನೆ ಮೂಗಿಗೆ ಎಷ್ಟು ಹತ್ತಿದೆಯೆಂದರೆ, ಮನೆಯಲ್ಲಿ ಒಗ್ಗರಣೆ ಹಾಕಿದರೂ ನನಗೆ ಅದೇ ಬರುತ್ತದೆ. ಸಣ್ಣಪುಟ್ಟ ಕಂಪನಿಗಳ ಲೆಕ್ಕ ಕಲಬುರಗಿಯ ಆಡಿಟರ ಸಹಿಯಾಗಿ ನನ್ನ ಬಳಿ ಬರುತ್ತದೆ. ಅದನ್ನು ಸರಕಾರದ ವೆಬ್‌ಸೈಟಿಗೆ ಏರಿಸಿ, ಈ ಕಂಪನಿ ಇನ್ನೂ ಬದುಕಿದೆ, ಇದರ ನಿರ್ದೇಶಕರು ಇಂಥವರು ಎಂದು ವರ್ಷಕ್ಕೊಮ್ಮೆ ಸಾರುವುದು ನನ್ನ ಹೊಟ್ಟೆಪಾಡು. ಹಾಡಿದ್ದೇ ಹಾಡುವ ಕಿಸಬಾಯಿ ದಾಸನ ಕೆಲಸ. ಹೋದ ವರ್ಷದ್ದನ್ನೇ ತೆಗೆದು ಇಸವಿ ಬದಲಿಸುವುದು, ಮತ್ತೆ ಅದನ್ನೇ ಕೇಳುವ ವೆಬ್‌ಸೈಟಿಗೆ ಮತ್ತೆ ಅದನ್ನೇ ಹೇಳುವುದು.

ಜನ ಕಂಪನಿ ತೆರೆಯುವಾಗ ಹೋಳಿಗೆ ಊಟ ಹಾಕಿಸುತ್ತಾರೆ, ವರ್ಷ ಕಳೆದ ಮೇಲೆ ನಾನು ಫೋನು ಮಾಡಿದರೆ ಎತ್ತುವುದಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಅವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಹಾಗಲ್ಲದೆ ಫೋನಿನ ಮೊದಲ ರಿಂಗಿಗೇ ಎತ್ತುತ್ತಿದ್ದ ಒಬ್ಬನೇ ಗಿರಾಕಿಯೆಂದರೆ ಸುರಪುರದ ಹಾದಿಯ ಒಂದು ಹಳ್ಳಿಯ ರೈತ. ನಾನು ಅವನನ್ನು ಮಾಲಕರು ಎಂದೇ ಕರೆಯುತ್ತಿದ್ದೆ, ಮೊದಲು ಚೇಷ್ಟೆಗೆ, ಆಮೇಲೆ ರೂಢಿಯಾಯಿತು.

ಅವನ ಹೊಲಕ್ಕೆ ಕಾಲುವೆ ನೀರು ಬಂದು, ಜೋಳ-ತೊಗರಿ ಹೋಗಿ ಭತ್ತ ಬಂದಿತ್ತು. ಸುತ್ತ ಎಲ್ಲರದೂ ಭತ್ತ, ಎಲ್ಲರದೂ ಒಮ್ಮೆಗೇ ಕೊಯ್ಲಿಗೆ ಬರುವುದು, ಆಳು ಸಿಗದೆ ಇರುವುದು. ಅವನು ಭತ್ತ ಕೊಯ್ಯುವ ಒಂದು ಮಶೀನು ತಂದು ಬಾಡಿಗೆಗೆ ಬಿಟ್ಟ. ಕಂಪನಿ ಮಾಡಿದರೆ ಕಾಲುವೆಯ ಹೂಳು ತೆಗೆಯುವ ಗುತ್ತಿಗೆಯೂ ಸಿಗುತ್ತದೆಂದು ಯಾರೋ ಕಿವಿಯೂದಿದರು. ಗುತ್ತಿಗೆ ಸಿಗಲಿಲ್ಲ, ಕಂಪನಿ ಮಾತ್ರ ಆಯಿತು. ಮಶೀನನ್ನು ಅವನು ಕಂಪನಿಯ ಹೆಸರಿಗೇ ಮಾಡಿಸಿದ. ಮನೆಯ ಗೋಡೆಗೆ ನೀಲಿ ಬೋರ್ಡು ಬಿತ್ತು.

"ಇಷ್ಟು ಸಣ್ಣ ದಂಧೆಕ್ಕ ಕಂಪನಿ ಯಾಕ ಬೇಕಿತ್ರಿ ಮಾಲಕ್ರ?" ಎಂದು ನಾನು ಕೇಳಿದ್ದೆ.

"ಮೇಡಂರಿ, ಕಾಲುವಿ ಬರೂಕಿಂತ ಮೊದಲ ನಾವು ಜ್ವಾಳದ ಮಂದಿ ಇದ್ವಿ. ಈಗ ಅಕ್ಕಿ ಮಂದಿ ಆಗೇವಿ. ಅಕ್ಕಿ ಮಂದಿಗೆ ಕಂಪನಿ ಬ್ಯಾಡೇನ್ರಿ?"

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕಡಿಮೆಯೆಂದರೆ ಇಬ್ಬರು ನಿರ್ದೇಶಕರು ಬೇಕು. ಎರಡನೆಯವಳು ಅವನ ಹೆಂಡತಿ. ಅವಳಿಗೆ ಓದು ನಾಲ್ಕನೆಯ ಇಯತ್ತೆಗೆ ನಿಂತಿತ್ತು, ಸಹಿ ಮಾತ್ರ ದುಂಡಗೆ ಮಾಡುತ್ತಿದ್ದಳು. ವರ್ಷಕ್ಕೊಮ್ಮೆ ಕಂಪನಿಯ ಮಹಾಸಭೆ ನಡೆಯಬೇಕು, ಅದೂ ನೋಂದಾಯಿತ ಕಚೇರಿ ಇರುವ ಊರಿನಲ್ಲೇ ಎಂದು ಕಾಯ್ದೆ ಹೇಳುತ್ತದೆ. ಅವರ ಕಚೇರಿ ಅವರ ಮನೆ. ಸಭೆ ಆಯಿತೇ, ಎಲ್ಲಿ ಆಯಿತು ಎಂದು ಒಮ್ಮೆ ಅವಳನ್ನೇ ಕೇಳಿದೆ.

"ಅಡಗಿ ಮನ್ಯಾಗ್ರಿ," ಎಂದಳು. "ಅವ್ರು ಉಣ್ಣಾಕತ್ತಿದ್ರು, ನಾ ರೊಟ್ಟಿ ಬಡ್ಯಾಕತ್ತಿದ್ನಿ. ಲೆಕ್ಕ ಪಾಸೇನು ಅಂದ್ರು. ಪಾಸ್ ಅಂದ್ನಿ."

ಸದಸ್ಯರೆಲ್ಲರೂ ಹಾಜರಿದ್ದು ಲೆಕ್ಕಪತ್ರಗಳನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು ಎಂದು ನಾನು ಬರೆದೆ. ನಾನು ಬರೆಯುವ ನಡಾವಳಿಗಳಲ್ಲಿ ಅಷ್ಟು ಖರೆ ಇರುವುದು ಇನ್ನೊಂದಿಲ್ಲ.

ವರದಿ ಏರಿಸಬೇಕಾದರೆ ನಿರ್ದೇಶಕರ ಡಿಜಿಟಲ್ ಸಹಿ ಬೇಕು. ಬೆರಳುದ್ದದ ಒಂದು ಕಡ್ಡಿ, ಕಂಪ್ಯೂಟರಿಗೆ ಸಿಕ್ಕಿಸಿದರೆ ಅದೇ ಸಹಿ. ಎರಡು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಹೊಸದು ಮಾಡಿಸುವಾಗ ಸಹಿ ಮಾಡುವವರು ಫೋನಿನ ಕ್ಯಾಮೆರಾದ ಮುಂದೆ ಕೂತು, ಗುರುತಿನ ಕಾರ್ಡಿನಲ್ಲಿ ಇದ್ದ ಹಾಗೆ ತಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು ಕೆಲವೇ ಸೆಕೆಂಡುಗಳಲ್ಲಿ ಹೇಳಬೇಕು. ಆ ವಿಡಿಯೋವನ್ನು ಯಾವುದೋ ದೂರದ ಪಟ್ಟಣದಲ್ಲಿ ಯಾರೋ ನೋಡಿ ಪಾಸು ಮಾಡುತ್ತಾರೆ. ಈ ನಿಯಮ ಬಂದ ವರ್ಷ ಗಂಡ-ಹೆಂಡತಿ ಇಬ್ಬರೂ ನನ್ನ ಆಫೀಸಿಗೆ ಬಂದರು. ಅವನದು ಕ್ಷಣದಲ್ಲಿ ಮುಗಿಯಿತು. ಅವಳು ಕುರ್ಚಿಯಲ್ಲಿ ಕೂತು, ಕುಂಕುಮ ಸರಿಮಾಡಿಕೊಂಡು, ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು.

"ಗಂಡನ ಹೆಸರು ಹೇಳ್ರಿ ಅಕ್ಕಾ," ಎಂದೆ.

ಅವಳು ಸೆರಗನ್ನು ಬಾಯಿಗೆ ಹಿಡಿದಳು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಎತ್ತುವುದಿಲ್ಲ. ಎತ್ತಿದರೆ ಅವನ ಆಯುಷ್ಯ ಕಡಿಮೆ ಎನ್ನುತ್ತಾರೆ. ಮದುವೆ, ಸೀಮಂತದ ಕುಬಸಗಳಲ್ಲಿ ನಾಲ್ಕು ಮಂದಿ ಹಟ ಹಿಡಿದು ಹೇಳಿಸಿದಾಗ ಮಾತ್ರ, ಪ್ರಾಸದ ಎರಡು ಸಾಲು ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳುತ್ತಾರೆ. ಅದಕ್ಕೆ ಒಡಪು ಹಾಕುವುದು ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಾನು ನನ್ನ ಗಂಡನನ್ನು ಹೆಸರು ಹಿಡಿದೇ ಕರೆಯುವವಳು, ಅದೂ ಹೆಚ್ಚಾಗಿ ಬೈಯುವುದಕ್ಕೆ. ಆ ದಿನವೂ ಸಿಲಿಂಡರಿನವನು ಬಂದು ತಿರುಗಿ ಹೋದನೆಂದು ಅವರೆದುರೇ ಫೋನಿನಲ್ಲಿ ಗಂಡನ ಹೆಸರು ಕೂಗಿ ಬೈದಿದ್ದೆ. ಮೇಲಾಗಿ ಕೊನೆಯ ದಿನಾಂಕ ಹತ್ತಿರವಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನನಗೆ ರೇಗಿತು.

"ಇದೇನು ಕುಬಸ ಅಲ್ರಿ. ಸರಕಾರದ ಕೆಲಸ. ಹೇಳ್ರಿ ಲಗೂನ."

ಮಾಲಕನಿಗೆ ಇದೆಲ್ಲ ಬಲು ಖುಷಿ. "ನೋಡು, ಮೇಡಂ ತಮ್ಮ ಮನಿ ಮಾಲಕ್ರಿಗೆ ಹೆಂಗ ಕೂಗಿ ಕರೀತಾರ. ನೀನೂ ಒಮ್ಮಿ ಬರೇ ಹೆಸರ ಹಿಡದು ಕರಿ. ಓ ಅಂತೀನಿ," ಎಂದ.

"ನೀವು ಹೊರಗ ನಡೀರಿ ಮೊದಲ," ಎಂದಳು ಅವಳು.

ಅವನು ಮೆಟ್ಟಿಲ ಬಳಿ ಹೋಗಿ ನಿಂತ. ಅವಳು ಕ್ಯಾಮೆರಾ ನೋಡಿ, ಗಂಟಲು ಸರಿಮಾಡಿಕೊಂಡು, ಒಂದು ದೊಡ್ಡ ಸಭೆಯಲ್ಲಿ ಕೂತವಳ ಹಾಗೆ ರಾಗವಾಗಿ ಹಾಕಿಯೇಬಿಟ್ಟಳು:

"ಭತ್ತದ ಹೊಲಕ್ಕ ಕಾಲುವಿ ನೀರು, ಹತ್ತೂರಾಗ ಇವ್ರ ಮಶೀನಿನ ಜೋರು..." ಅದರ ಬಾಲಕ್ಕೆ ಗಂಡನ ಹೆಸರು, ಹೆಸರಿನ ಮುಂದೆ 'ಅವ್ರು', ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಮೀರಿ ವಿಡಿಯೋ ತಾನೇ ನಿಂತುಹೋಯಿತು. ಹೊರಗೆ ಮೆಟ್ಟಿಲ ಮೇಲೆ ಅವನು ನಗುವುದು ಕೇಳಿಸಿತು.

ವಿಡಿಯೋ ತಿರಸ್ಕೃತವಾಯಿತು. ಹೆಸರು ಸ್ಪಷ್ಟವಿಲ್ಲ ಎಂದು ಕಾರಣ ಬಂತು. ಬರೀ ಹೆಸರು ಹೇಳಿ ಎಂದು ನಾನು ಕೈಮುಗಿದೆ. ಅವಳು ಒಪ್ಪಲಿಲ್ಲ, ಒಡಪನ್ನೇ ಮೊಟಕು ಮಾಡಿದಳು. ಅದೂ ತಿರಸ್ಕೃತವಾಗಿ, ಮಾರನೆಯ ದಿನ ಮತ್ತೆ ಅಷ್ಟು ದೂರದಿಂದ ಬಸ್ಸು ಹಿಡಿದು ಬಂದರು. ಆ ಸಲ "ಕಾಲುವಿ ನೀರು" ಎಂಬ ಎರಡೇ ಮಾತು ಉಳಿಸಿಕೊಂಡು, ಅದಕ್ಕೆ ಹೆಸರು ಅಂಟಿಸಿ ಹೇಳಿದಳು. ದೂರದ ಪಟ್ಟಣದವರಿಗೂ ಸಾಕಾಗಿತ್ತೋ ಏನೋ, ಪಾಸು ಮಾಡಿದರು. ಅವನು ಕೆಳಗಿನಿಂದ ಬಿಸಿ ಮಿರ್ಚಿಭಜಿ ತಂದು ನನಗೂ, ಕ್ರಿಮಿನಾಶಕದ ಅಂಗಡಿಯವರಿಗೂ ಹಂಚಿದ. ಕಂಪ್ಯೂಟರಿನಲ್ಲಿ ತನ್ನ ಹೆಂಡತಿ ಒಡಪು ಹಾಕಿದ್ದಾಳೆಂದು ಅವರಿಗೆ ಹೇಳುತ್ತಿದ್ದುದು ಮೇಲಿನವರೆಗೂ ಕೇಳುತ್ತಿತ್ತು. ಎರಡು ದಿನದ ಕೆಲಸ ಕೆಟ್ಟಿತ್ತು. ನಾನು ಭಜಿ ತಿಂದು ಬೈದುಕೊಳ್ಳುತ್ತಲೇ ವರದಿ ಏರಿಸಿದೆ.

ಮುಂದಿನ ವರ್ಷ ಮೊದಲ ರಿಂಗಿಗೆ ಯಾರೂ ಎತ್ತಲಿಲ್ಲ. ಅವನನ್ನು ಕಲಬುರಗಿಯ ದವಾಖಾನೆಗೆ ಹಾಕಿದ್ದರು. ಗುಣವಾದ ಮೇಲೆ ಮಾಡೋಣವೆಂದು ಅವಳು ಹೇಳಿದಳು, ವರದಿ ಹಾಗೆಯೇ ಉಳಿಯಿತು. ಬೇಸಿಗೆಯ ಭತ್ತ ಕೊಯ್ಯುವ ಹೊತ್ತಿಗೆ ಅವನು ತೀರಿಕೊಂಡ. ಮಶೀನು ಆಗ ಬೇರೆ ಊರಿನ ಗದ್ದೆಯಲ್ಲಿ ಓಡುತ್ತಿತ್ತಂತೆ.

ಮರು ದಸರಾ ಬಂದಾಗ ಎರಡನೆಯ ವರ್ಷದ ವರದಿಯೂ ಬಾಕಿಯಾಗಿತ್ತು. ವರದಿ ಕಾಣದ ಕಂಪನಿ ಸತ್ತಿದೆಯೆಂದು ಸರಕಾರ ತಿಳಿಯುತ್ತದೆ. ನಿಮ್ಮ ಕಂಪನಿಯ ಹೆಸರನ್ನು ಪಟ್ಟಿಯಿಂದ ಏಕೆ ತೆಗೆದುಹಾಕಬಾರದು, ತಿಂಗಳೊಳಗೆ ತಿಳಿಸಿ ಎಂದು ನೋಟೀಸು ಬಂತು. ಅವಳು ಅದನ್ನು ಹಿಡಿದು ದೊಡ್ಡ ಮಗಳ ಜೊತೆ ನನ್ನ ಮೆಟ್ಟಿಲು ಹತ್ತಿದಳು. ಮಗಳು ಆಗಷ್ಟೇ ಡಿಗ್ರಿ ಮುಗಿಸಿದವಳು.

"ಹೆಸರು ತಗದ್ರ ಏನಾಗ್ತದ್ರಿ? ಬೋರ್ಡ್ ಇಳಿಸಿದ್ರ ಆತಲ್ಲ," ಎಂದಳು ಮಗಳು.

"ಮಶೀನು ಕಂಪನಿ ಹೆಸರಿಲೇ ಅದ ಅವ್ವಾ. ಕಂಪನಿ ಹೋದ್ರ ಮಶೀನ ಸರಕಾರದ್ದು. ಮಾರಾಕೂ ಬರಂಗಿಲ್ಲ, ಓಡಸಾಕೂ ಬರಂಗಿಲ್ಲ," ಎಂದೆ.

ತಾಯಿ ನೋಟೀಸನ್ನು ನನ್ನ ಮೇಜಿನ ಮೇಲೆ ಸರಿಸಿದಳು. ಆಮೇಲೆ, "ಅದರ ಮ್ಯಾಲೇ ಮನಿ ನಡೀತದ್ರಿ. ಇನ್ನೊಂದು ತಿಂಗಳಿಗೆ ಭತ್ತ ಕೊಯ್ಲಿಗೆ ಬರ್ತಾವ. ಏನ್ ಮಾಡಬೇಕು ಹೇಳ್ರಿ, ಮಾಡ್ತೀನಿ," ಎಂದಳು.

ಮಾಡಬೇಕಾದ್ದು ಒಂದಕ್ಕೊಂದು ಕಟ್ಟಿಕೊಂಡಿತ್ತು. ಸತ್ತ ನಿರ್ದೇಶಕನ ಜಾಗಕ್ಕೆ ಮಗಳನ್ನು ತರಬೇಕು, ಅದಕ್ಕೆ ಉಳಿದ ನಿರ್ದೇಶಕಿಯ ಸಹಿ ಬೇಕು, ಆ ಸಹಿಯ ಕಡ್ಡಿಯ ಆಯುಷ್ಯ ಮುಗಿದಿತ್ತು. ಮೊದಲು ಅವನನ್ನು ತೆಗೆಯುವ ಅರ್ಜಿ ತುಂಬಿಟ್ಟೆ. ನಿರ್ದೇಶಕರು ಹುದ್ದೆ ಬಿಟ್ಟ ಕಾರಣವೇನೆಂದು ಅದು ಕೇಳುತ್ತದೆ. ರಾಜೀನಾಮೆ, ಅನರ್ಹತೆ, ಮರಣ ಎಂದು ಒಂದರ ಕೆಳಗೊಂದು ಇರುತ್ತವೆ. ಎಷ್ಟೋ ಮಂದಿಯದು ಒತ್ತಿದ್ದೇನೆ, ಕೈಗೆ ರೂಢಿಯಾದ ಕೆಲಸ. ಆ ದಿನ ಮೂರನೆಯದನ್ನು ಒತ್ತುವಾಗ ನನಗೆ ಮಿರ್ಚಿಭಜಿಯ ನೆನಪಾಗಿ ತೀರಾ ಬೇಜಾರಾಯಿತು. ಈ ಕೆಲಸವನ್ನೇ ಬಿಟ್ಟು ಮನೆಗೆ ಹೋಗಿ ಮಲಗಬೇಕು ಎನಿಸಿತು.

ಮಗಳು ವಿಡಿಯೋಕ್ಕೆ ಕೂತು ತನ್ನ ಹೆಸರು, ತಂದೆಯ ಹೆಸರು ಪಟಪಟನೆ ಹೇಳಿ ಎದ್ದಳು. ನಂತರ ತಾಯಿ. ಅದೇ ಕುರ್ಚಿ. ಹಣೆ ಖಾಲಿಯಿತ್ತು, ಸರಿಮಾಡಿಕೊಳ್ಳಲು ಏನೂ ಇರಲಿಲ್ಲ, ಆದರೂ ಕೈ ಒಮ್ಮೆ ಹಣೆಯವರೆಗೆ ಹೋಗಿ ಇಳಿಯಿತು. ಕಾರ್ಡಿನಲ್ಲಿ ಗಂಡನ ಹೆಸರು ಹಾಗೆಯೇ ಇತ್ತು. ಹಾಗಾಗಿ ಹೇಳಬೇಕಾದ್ದೂ ಅದೇ. ಇವಳಿಂದ ಇದನ್ನು ಮತ್ತೆ ಹೇಳಿಸಬೇಕಲ್ಲ ಎಂದು ನನಗೆ ಸಂಕಟವಾಯಿತು. ಈ ಸಲ ರೇಗುವ ಶಕ್ತಿಯೂ ನನ್ನಲ್ಲಿರಲಿಲ್ಲ.

"ಒಡಪು ಹಾಕೇ ಹೇಳ್ರಿ ಅಕ್ಕಾ. ಸಣ್ಣದು ಹಾಕ್ರಿ. ಪಾಸಾಗಲಿಲ್ಲಂದ್ರ ಮತ್ತೊಮ್ಮಿ ಮಾಡೂಣಂತ," ಎಂದೆ.

"ಒಡಪು ಇನ್ನ ಯಾಕ್ರಿ," ಎಂದಳು. "ಅದು ಮುತ್ತೈದ್ಯಾರು ಹಾಕೋದು."

ನಾನು ಫೋನು ಹಿಡಿದೆ. ಅವಳು ಕ್ಯಾಮೆರಾ ನೋಡಿ ತನ್ನ ಹೆಸರು ಹೇಳಿದಳು. ಆಮೇಲೆ ಗಂಡನ ಹೆಸರು. ಕಾರ್ಡಿನಲ್ಲಿ ಇದ್ದ ಹಾಗೆಯೇ, ಬಿಡಿಸಿ, ಸ್ಪಷ್ಟವಾಗಿ. ಹಿಂದೆ ಕಾಲುವೆ ಇರಲಿಲ್ಲ, ಮುಂದೆ 'ಅವ್ರು' ಇರಲಿಲ್ಲ. ಹೇಳಿ ಮುಗಿದ ಮೇಲೂ ವಿಡಿಯೋದ ಹೊತ್ತು ಇನ್ನೂ ಉಳಿದಿತ್ತು. ಅವಳು ಬಾಗಿಲಾಚೆ ಮೆಟ್ಟಿಲ ಕಡೆ ತಿರುಗಿದಳು, ಅಲ್ಲಿ ಯಾರೂ ಇರಲಿಲ್ಲ.

ಕೆಳಗಿನಿಂದ ಚಹಾ ಬರುವಷ್ಟರಲ್ಲಿ ಉತ್ತರ ಬಂತು.

"ಪಾಸಾತ್ರಿ ಅಕ್ಕಾ," ಎಂದೆ. "ಇನ್ನ ವರದಿ ಹೋಗ್ತದ. ಮಶೀನಿಗೆ ಏನೂ ಆಗಂಗಿಲ್ಲ."

"ಒಂದೇ ಸಲಕ್ಕೇನ್ರಿ?"

"ಒಂದೇ ಸಲಕ್ಕ."

ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಗಳು ನೋಟೀಸನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

"ಇಷ್ಟು ಹಗುರ ಇತ್ತಂದ್ರ," ಎಂದಳು ಅವಳು, "ಅವ್ರು ಇದ್ದಾಗ ಒಮ್ಮಿ ಕರೀತಿದ್ನಿ ನೋಡ್ರಿ. ಓ ಅಂತಿದ್ರು."